ಎಲ್ಲರಲ್ಲೂ ಇರುವುದು, ಆಕೆಯಲ್ಲಿ ಇಲ್ಲದ್ದು: ಕೋಲಾರದ ಒಂದು ರಕ್ತದ ಪ್ರಕರಣ

ಬ್ಲಡ್ ಬ್ಯಾಂಕಿನ ಕೌಂಟರ್‌ನಲ್ಲಿ ಕೂತವರು ದಿನಕ್ಕೆ ಹತ್ತು ಸಲ ಕೇಳುವ ಮಾತೊಂದಿದೆ. "ಓ ಪಾಸಿಟಿವ್ ಅಲ್ವಾ, ಫ್ರಿಜ್ ತುಂಬ ಇರುತ್ತಲ್ಲ. ಒಂದು ಬ್ಯಾಗ್ ಕೊಟ್ಬಿಡಿ, ಅಲ್ಲಿ ಕಾಯ್ತಿದ್ದಾರೆ." ಹೇಳುವವರದ್ದು ತಪ್ಪೇನಿಲ್ಲ. ನಮ್ಮ ಕಡೆ ಓ ಗುಂಪಿನವರೇ ಜಾಸ್ತಿ. ಫ್ರಿಜ್‌ನಲ್ಲಿ ಓ ಪಾಸಿಟಿವ್ ಸಾಲೇ ಎಲ್ಲಕ್ಕಿಂತ ಉದ್ದ. ಆದರೂ "ಮುಕ್ಕಾಲು ಗಂಟೆ ಕೂತಿರಿ" ಎಂದು ನಾವು ಹೇಳುತ್ತೇವೆ. ಅವರ ಮುಖ ಬಾಡುತ್ತದೆ. ಕೆಲವರು ಬೈಯುತ್ತಾರೆ ಕೂಡ.

ಆ ಮುಕ್ಕಾಲು ಗಂಟೆ ಯಾಕೆ ಬೇಕು ಎಂದು ಕೇಳಿದವರಿಗೆ ಈಗ ನಾನು ಕೋಲಾರದ ಕಥೆ ಹೇಳುತ್ತೇನೆ. ಪೇಪರಿನಲ್ಲಿ, ಟೀವಿಯಲ್ಲಿ ಎಲ್ಲರೂ ಕೇಳಿದ ಕಥೆಯೇ. ಆದರೆ ಬಹಳ ಜನ ಅದನ್ನು ತಿರುಗುಮುರುಗಾಗಿ ಕೇಳಿಸಿಕೊಂಡಿದ್ದಾರೆ. ಆ ಕೇಸ್ ನೋಡಿದ ತಂಡದಲ್ಲಿ ನಾನಿರಲಿಲ್ಲ. ಪ್ರಕರಣದ ವಿವರ ಎಲ್ಲರಿಗೂ ತಿಳಿದಷ್ಟೇ ನನಗೂ ಗೊತ್ತು. ಲ್ಯಾಬ್‌ನ ಮೇಜಿನ ಮೇಲೆ ನಡೆಯುವ ಕೆಲಸ ಮಾತ್ರ ಈ ಕಸುಬಿನ ಎಲ್ಲರಿಗೂ ಒಂದೇ.

ನಡೆದದ್ದು

2024ರಲ್ಲಿ ಕೋಲಾರ ಜಿಲ್ಲೆಯ 38 ವರ್ಷದ ಮಹಿಳೆಯೊಬ್ಬರು ಹೃದಯದ ಆಪರೇಷನ್‌ಗೆಂದು ಕೋಲಾರದ ಆಸ್ಪತ್ರೆಗೆ ಸೇರಿದರು. ರಕ್ತದ ಗುಂಪು ನೋಡಿದರು. ಓ ಪಾಸಿಟಿವ್. ಯಾರಿಗೂ ಚಿಂತೆ ಇರಲಿಲ್ಲ. ಹೃದಯದ ಆಪರೇಷನ್ ಎಂದಮೇಲೆ ನಾಲ್ಕಾರು ಬ್ಯಾಗ್ ತೆಗೆದಿಡುವುದು ವಾಡಿಕೆ. ತೆಗೆದಿಡುವ ಮುಂಚೆ ಪ್ರತಿ ಬ್ಯಾಗಿಗೂ ಕ್ರಾಸ್‌ಮ್ಯಾಚ್ ಮಾಡಬೇಕು. ಅಂದರೆ ರೋಗಿಯ ಪ್ಲಾಸ್ಮಾವನ್ನೂ (ರಕ್ತದಲ್ಲಿ ಕಣಗಳನ್ನು ಬಿಟ್ಟು ಉಳಿಯುವ ತಿಳಿ ದ್ರವ) ದಾನಿಯ ಕೆಂಪು ಕಣಗಳನ್ನೂ ಸೇರಿಸಿ ನೋಡಬೇಕು. ಜಗಳವಾಡದಿದ್ದರೆ ಆ ಬ್ಯಾಗ್ ಆಗುತ್ತದೆ.

ಮೊದಲನೆಯದು ಆಗಲಿಲ್ಲ. ಇದು ಅಷ್ಟೇನೂ ಅಪರೂಪವಲ್ಲ. ಒಂದು ಬ್ಯಾಗ್ ಹೊಂದದಿದ್ದರೆ ಇನ್ನೊಂದು ತೆಗೆದುಕೊಳ್ಳುತ್ತೇವೆ. ಆದರೆ ಇಲ್ಲಿ ಇದ್ದ ಓ ಪಾಸಿಟಿವ್ ಬ್ಯಾಗ್‌ಗಳಲ್ಲಿ ಒಂದೂ ಹೊಂದಲಿಲ್ಲ. ಹೀಗಾದಾಗ ಕೈ ಸ್ವಲ್ಪ ತಣ್ಣಗಾಗುತ್ತದೆ. ನಾನೇ ಏನೋ ತಪ್ಪು ಮಾಡಿದೆನಾ ಅನ್ನಿಸುತ್ತದೆ. ಟ್ಯೂಬ್ ಬದಲಾಯಿತಾ, ಸ್ಯಾಂಪಲ್ ಬೇರೆಯವರದ್ದಾ ಎಂದು ಲೇಬಲ್ ತಿರುಗಿಸಿ ನೋಡುತ್ತೇವೆ.

ಸ್ಯಾಂಪಲ್ ಬೆಂಗಳೂರಿನ ರೋಟರಿ ಬೆಂಗಳೂರು ಟಿಟಿಕೆ ರಕ್ತನಿಧಿಗೆ ಹೋಯಿತು. ಇಂಥ ಸಿಕ್ಕುಗಳನ್ನು ಬಿಡಿಸುವ ದೊಡ್ಡ ಲ್ಯಾಬ್ ಅಲ್ಲಿದೆ. ಅಲ್ಲಿ ಪರೀಕ್ಷೆಗೆ ಇಟ್ಟುಕೊಂಡ ಕಣಗಳೆಲ್ಲದರ ಜೊತೆಗೂ ಆಕೆಯ ಪ್ಲಾಸ್ಮಾ ಜಗಳವಾಡಿತು. ಒಂದನ್ನೂ ಬಿಡಲಿಲ್ಲ. ಮನೆಯವರಲ್ಲಾದರೂ ಹೊಂದುವ ರಕ್ತ ಸಿಗಬಹುದು ಎಂದು 20 ಮಂದಿ ಬಂಧುಗಳ ರಕ್ತ ತೆಗೆದು ನೋಡಿದರು. ಅದೂ ಆಗಲಿಲ್ಲ.

ಕೊನೆಗೆ ಡಾಕ್ಟರುಗಳು ರಕ್ತ ಕೊಡದೆಯೇ ಆಪರೇಷನ್ ಮಾಡಿದರು. ಇದನ್ನು ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗುವುದು ಸುಲಭ. ಆದರೆ ಹೃದಯದ ಆಪರೇಷನ್‌ನಲ್ಲಿ ಕೈಯಳತೆಯಲ್ಲಿ ಒಂದೂ ಬ್ಯಾಗ್ ಇಲ್ಲದೆ ಎದೆ ತೆರೆಯುವುದೆಂದರೆ, ಜಾರಿದರೆ ಹಿಡಿಯಲು ಕೆಳಗೆ ಯಾರೂ ಇಲ್ಲದೆ ತೆಂಗಿನಮರ ಹತ್ತಿದ ಹಾಗೆ. ಆಕೆ ಚೇತರಿಸಿಕೊಂಡರು.

ರಾಗಿ ಜರಡಿ

ಪ್ಲಾಸ್ಮಾ ಮತ್ತು ಕಣ "ಜಗಳವಾಡುವುದು" ಅಂದರೇನು ಎಂದು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ.

ನಮ್ಮ ಕೆಂಪು ಕಣಗಳ ಮೈಮೇಲೆ ನೂರಾರು ಬಗೆಯ ಗುರುತುಗಳಿವೆ. ಇವಕ್ಕೆ ಆಂಟಿಜನ್ ಎನ್ನುತ್ತಾರೆ. ಎ, ಬಿ ಮತ್ತು ಆರ್‌ಎಚ್‌ನ ಡಿ ಇವುಗಳಲ್ಲಿ ಮೂರು ಮಾತ್ರ. ಡಿ ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ಈ ಮೂರನ್ನು ನೋಡಿ ನಾವು "ಓ ಪಾಸಿಟಿವ್" ಎಂದು ಬರೆದುಬಿಡುತ್ತೇವೆ. ಇದುವರೆಗೆ ಗುರುತಿಸಿದ ಆಂಟಿಜನ್‌ಗಳ ಲೆಕ್ಕ 350 ದಾಟಿದೆ. ಅಂದರೆ ನಿಮ್ಮ ಕಾರ್ಡ್ ಮೇಲಿನ ಗುಂಪು ಊರಿನ ಹೆಸರಿದ್ದ ಹಾಗೆ. ಮನೆ ನಂಬರು ಅದರಲ್ಲಿಲ್ಲ.

ನಮ್ಮಲ್ಲಿ ಇಲ್ಲದ ಗುರುತು ಹೊರಗಿನಿಂದ ಒಳಗೆ ಬಂದರೆ ಮೈ ಅದರ ವಿರುದ್ಧ ಆಂಟಿಬಾಡಿ, ಅಂದರೆ ಆ ಗುರುತಿಗೇ ಹೋಗಿ ಅಂಟಿಕೊಳ್ಳುವ ಪ್ರೋಟೀನ್, ಮಾಡಬಹುದು. ಹೊರಗಿನ ಕೆಂಪು ಕಣ ನಮ್ಮೊಳಗೆ ಬರುವ ದಾರಿ ಮುಖ್ಯವಾಗಿ ಎರಡೇ. ಒಂದು, ಬೇರೆಯವರ ರಕ್ತ ಹಾಕಿಸಿಕೊಂಡಾಗ. ಇನ್ನೊಂದು, ಬಸಿರಿನಲ್ಲಿ, ಹೆರಿಗೆಯಲ್ಲಿ ಮಗುವಿನ ರಕ್ತ ಒಂದಿಷ್ಟು ತಾಯಿಗೆ ಸೇರಿದಾಗ. ಹಾಗಾಗಿ ಫಾರಂನಲ್ಲಿ ನಾವು "ಎಷ್ಟು ಮಕ್ಕಳು? ಗರ್ಭಪಾತ ಆಗಿತ್ತಾ? ಮುಂಚೆ ರಕ್ತ ಹಾಕಿದ್ರಾ?" ಎಂದು ಕೇಳುವುದು ಕಾಲಕ್ಷೇಪಕ್ಕಲ್ಲ. ಬಹಳ ಸಲ ಆ ಜಾಗ ಖಾಲಿಯೇ ಇರುತ್ತದೆ.

ಆಂಟಿಬಾಡಿ ಇದೆಯಾ ಎಂದು ನೋಡಲು ಈಗ ಜೆಲ್ ಕಾರ್ಡ್ ಬಳಸುತ್ತೇವೆ. ಹೆಚ್ಚುಕಡಿಮೆ ಎಟಿಎಂ ಕಾರ್ಡಿನಷ್ಟೇ, ಅದರಲ್ಲಿ ಆರು ಸಣ್ಣ ಕೊಳವೆ. ಕೊಳವೆಯೊಳಗೆ ಜೆಲ್ಲಿಯಂಥ ಪದಾರ್ಥ. ಮೇಲಿನ ಬಾಯಿಗೆ 50 ಮೈಕ್ರೋಲೀಟರ್ ಕೆಂಪು ಕಣದ ದ್ರವ, ಅದರ ಮೇಲೆ 25 ಮೈಕ್ರೋಲೀಟರ್ ರೋಗಿಯ ಪ್ಲಾಸ್ಮಾ. 37 ಡಿಗ್ರಿಯಲ್ಲಿ 15 ನಿಮಿಷ ಇಡುತ್ತೇವೆ. ಆಮೇಲೆ 10 ನಿಮಿಷ ಗಿರಗಿರ ತಿರುಗಿಸುತ್ತೇವೆ.

ಕೋಲಾರದ ಕಡೆಯವರಿಗೆ ರಾಗಿಹಿಟ್ಟು ಜರಡಿ ಹಿಡಿಯುವುದು ಗೊತ್ತು. ನುಣ್ಣಗಿರುವುದು ಕೆಳಗೆ ಬೀಳುತ್ತದೆ, ಗಂಟು ಮೇಲೆ ಉಳಿಯುತ್ತದೆ. ಇಲ್ಲೂ ಅದೇ. ಆಂಟಿಬಾಡಿ ಇಲ್ಲದಿದ್ದರೆ ಕಣಗಳು ಬಿಡಿಬಿಡಿಯಾಗಿ ಜೆಲ್ ದಾಟಿ ತಳದಲ್ಲಿ ಕೆಂಪು ಗುಂಡಿಯಂತೆ ಕೂರುತ್ತವೆ. ಆಂಟಿಬಾಡಿ ಇದ್ದರೆ ಕಣಗಳು ಒಂದಕ್ಕೊಂದು ಅಂಟಿ ಗಂಟಾಗಿ ಮೇಲೆಯೇ ಕೆಂಪು ಗೆರೆಯಾಗಿ ನಿಲ್ಲುತ್ತವೆ. ಪೂರ್ತಿ ಮೇಲೆ ನಿಂತರೆ ನಾಲ್ಕು ಪ್ಲಸ್. ಅಲ್ಲಲ್ಲಿ ಸಿಕ್ಕಿಕೊಂಡರೆ ಒಂದು, ಎರಡು, ಮೂರು. ಕಾರ್ಡ್ ಹೊರಗೆ ತೆಗೆದು ಬೆಳಕಿಗೆ ಹಿಡಿದಾಗ ಆರಕ್ಕೆ ಆರೂ ಕೆಳಗೆ ಗುಂಡಿ ಕಟ್ಟಿದ್ದರೆ ಆಹಾ, ನೆಮ್ಮದಿ.

ಜೆಲ್‌ನೊಳಗೆ ಇನ್ನೊಂದು ವಸ್ತು ಬೆರೆಸಿರುತ್ತಾರೆ. ಅದರ ಕಥೆ 1945ರದ್ದು. ಅಪಾಯ ಮಾಡುವ ಆಂಟಿಬಾಡಿಗಳಲ್ಲಿ ಹೆಚ್ಚಿನವು ಐಜಿಜಿ ಎಂಬ ಜಾತಿಯವು. ಅವು ಗಿಡ್ಡ. ಕಣಕ್ಕೆ ಅಂಟಿಕೊಳ್ಳುತ್ತವೆ, ಆದರೆ ಎರಡು ಕಣಗಳನ್ನು ಸೇರಿಸಿ ಹಿಡಿಯುವಷ್ಟು ಕೈ ಚಾಚುವುದಿಲ್ಲ. ಹಾಗಾಗಿ ಬರೀ ಉಪ್ಪುನೀರಿನ ಟ್ಯೂಬ್‌ನಲ್ಲಿ ಸೇರಿಸಿ ನೋಡಿದರೆ ಏನೂ ಕಾಣುವುದಿಲ್ಲ. ಕೇಂಬ್ರಿಜ್‌ನ ರಾಬಿನ್ ಕೂಂಬ್ಸ್‌ಗೆ, ಯುದ್ಧಕಾಲದ ಮಂದಬೆಳಕಿನ ರೈಲಿನಲ್ಲಿ ಕೂತಿದ್ದಾಗ ಉಪಾಯ ಹೊಳೆಯಿತಂತೆ. ಮನುಷ್ಯರ ಆಂಟಿಬಾಡಿಯನ್ನೇ ಹಿಡಿಯುವ ಇನ್ನೊಂದು ಆಂಟಿಬಾಡಿ ಹಾಕಿದರೆ? ಅದು ನಡುವೆ ಸೇತುವೆಯಾಗಿ ಕಣಗಳನ್ನು ಜೋಡಿಸಿಬಿಡುತ್ತದೆ. ಮೌರಂಟ್ ಮತ್ತು ರೇಸ್ ಜೊತೆ ಸೇರಿ ಆತ ಅದನ್ನು ಮಾಡಿ ತೋರಿಸಿದರು. ಬಸುರಿಯರ ಚೀಟಿಯಲ್ಲಿ ಡಾಕ್ಟರು "ಐಸಿಟಿ" ಎಂದು ಬರೆಯುತ್ತಾರಲ್ಲ, ಅದು ಇದೇ, ಇನ್‌ಡೈರೆಕ್ಟ್ ಕೂಂಬ್ಸ್ ಟೆಸ್ಟ್.

ನನ್ನ ಒಂದು ತಕರಾರು ಇಲ್ಲೇ ಹೇಳಿಬಿಡುತ್ತೇನೆ. ಈ ಹೆಜ್ಜೆ ಬಿಟ್ಟು ಉಪ್ಪುನೀರಿನ ಕ್ರಾಸ್‌ಮ್ಯಾಚ್ ಅಷ್ಟೇ ಮಾಡಿ ರಕ್ತ ಕೊಡುವುದು ಇನ್ನೂ ಪೂರ್ತಿ ನಿಂತಿಲ್ಲ. ಅದು ಎ-ಬಿ-ಓ ತಪ್ಪನ್ನು ಹಿಡಿಯುತ್ತದೆ, ನಿಜ. ಐಜಿಜಿಯನ್ನು ಹಿಡಿಯುವುದಿಲ್ಲ. ಕೋಲಾರದಂಥ ಕೇಸ್ ಆ ಬಾಗಿಲಿನಲ್ಲಿ ಸದ್ದಿಲ್ಲದೆ ಒಳಗೆ ನುಗ್ಗಬಹುದು.

ಅನುಮಾನಗಳ ಸಾಲು

ಎಲ್ಲದರ ಜೊತೆಗೂ ಪಾಸಿಟಿವ್, ಅಂದರೆ ಗಂಟು, ಬಂದರೆ ಲ್ಯಾಬ್‌ನವರ ತಲೆಯಲ್ಲಿ ಓಡುವ ಅನುಮಾನಗಳಿಗೆ ಒಂದು ಕ್ರಮವಿದೆ.

ಮೊದಲು ಕೇಳುವುದು: ಆಕೆಯ ಪ್ಲಾಸ್ಮಾ ಆಕೆಯದ್ದೇ ಕಣಗಳ ಜೊತೆ ಹೇಗಿದೆ? ಇದಕ್ಕೆ ಆಟೋ ಕಂಟ್ರೋಲ್ ಎನ್ನುತ್ತೇವೆ. ತನ್ನ ಕಣದ ಮೇಲೂ ಹರಿಹಾಯ್ದರೆ ಅದು ಮನೆಜಗಳ. ಮೈ ತನ್ನ ರಕ್ತವನ್ನೇ ಹೊಡೆಯುತ್ತಿದೆ ಎಂದರ್ಥ. ಅದಕ್ಕೆ ಚಿಕಿತ್ಸೆಯೇ ಬೇರೆ. ತನ್ನದನ್ನು ಬಿಟ್ಟು ಊರಿನ ಎಲ್ಲರ ಮೇಲೂ ಹರಿಹಾಯ್ದರೆ? ಆಗ ಎಲ್ಲರಲ್ಲೂ ಇರುವ ಯಾವುದೋ ಗುರುತು ಆಕೆಯಲ್ಲಿ ಇಲ್ಲ.

ಭಾರತದಲ್ಲಿ ಓ ಗುಂಪಿನ ರೋಗಿಗೆ ಯಾವ ಓ ರಕ್ತವೂ ಹೊಂದದಿದ್ದರೆ ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ಬಾಂಬೆ. 1952ರಲ್ಲಿ ಮುಂಬೈನಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು ಮೊದಲು ವಿವರಿಸಿದ ಗುಂಪು ಇದು. ಎ, ಬಿ ಎನ್ನುವುದು ಮಹಡಿಗಳಾದರೆ ಎಚ್ ಎನ್ನುವುದು ತಳಪಾಯ. ಓ ಗುಂಪಿನವರಿಗೆ ಮಹಡಿ ಇಲ್ಲ, ತಳಪಾಯ ಇದೆ. ಬಾಂಬೆಯವರಿಗೆ ತಳಪಾಯವೂ ಇಲ್ಲ. ಮಾಮೂಲಿ ಪರೀಕ್ಷೆಯಲ್ಲಿ ಇಬ್ಬರೂ ಓ ಎಂದೇ ಕಾಣುತ್ತಾರೆ. ಆದರೆ ಬಾಂಬೆಯವರ ರಕ್ತದಲ್ಲಿ ಎಳವೆಯಿಂದಲೇ, ತಾನಾಗಿಯೇ, ಎಚ್ ವಿರುದ್ಧ ಆಂಟಿಬಾಡಿ ಇರುತ್ತದೆ. ಅವರಿಗೆ ಓ ರಕ್ತ ಕೊಟ್ಟರೆ ಜೀವಕ್ಕೇ ಕುತ್ತು. ಯೂಲೆಕ್ಸ್ ಎಂಬ ಮುಳ್ಳುಗಿಡದ ಬೀಜದಿಂದ ತೆಗೆದ ಒಂದು ಹನಿ ಸಾಕು ಪತ್ತೆಗೆ. ಎಚ್ ಇದ್ದರೆ ಕಣ ಗಂಟಾಗುತ್ತದೆ, ಇಲ್ಲದಿದ್ದರೆ ಇಲ್ಲ.

ಬಾಂಬೆ ಅಲ್ಲ ಎಂದಾದರೆ ಹುಡುಕಾಟ ಜಟಿಲ. ಆಗ ಕಣಗಳಿಗೆ ಬೇರೆ ಬೇರೆ ಮದ್ದು ಹಾಕಿ ಮತ್ತೆ ಪರೀಕ್ಷೆ ಮಾಡುತ್ತಾರೆ. ಒಂದು ಮದ್ದು ಪಪೈನ್. ಹೆಸರೇ ಹೇಳುವಂತೆ ಪರಂಗಿ ಕಾಯಿಯ ಹಾಲಿನಿಂದ ಬಂದದ್ದು. ಬಸುರಿ ತಿನ್ನಬಾರದು ಎಂದು ಅಜ್ಜಿಯರು ದೂರ ಇಡಿಸುವ ಅದೇ ಪರಂಗಿ, ಲ್ಯಾಬ್‌ನಲ್ಲಿ ಬಸುರಿಯರ ರಕ್ತದ ಸಿಕ್ಕು ಬಿಡಿಸಲು ಬೇಕು. ಪಪೈನ್ ಹಾಕಿದರೆ ಕಣದ ಮೇಲಿನ ಕೆಲವು ಗುರುತು ಅಳಿಸಿಹೋಗುತ್ತವೆ, ಕೆಲವು ಉಳಿಯುತ್ತವೆ. ಇನ್ನೊಂದು ಮದ್ದು ಕೈಮೋಟ್ರಿಪ್ಸಿನ್. ಅದು ಅಳಿಸುವ ಪಟ್ಟಿಯೇ ಬೇರೆ. ಉದಾಹರಣೆಗೆ "ಇಂಡಿಯನ್" ಎಂಬ ಹೆಸರಿನ ರಕ್ತಗುಂಪು ವ್ಯವಸ್ಥೆ (ನಂಟಿರುವ ಗುರುತುಗಳ ಒಂದು ಕುಟುಂಬ) ಇದೆ, ಮುಂಬೈನಲ್ಲೇ ಮೊದಲು ಸಿಕ್ಕಿದ್ದರಿಂದ ಆ ಹೆಸರು. ಅದರ ಗುರುತುಗಳು ಎರಡೂ ಮದ್ದಿಗೆ ಅಳಿಯುತ್ತವೆ. "ಕ್ರೋಮರ್" ಎಂಬ ಇನ್ನೊಂದು ವ್ಯವಸ್ಥೆ ಇದೆ. ಅದರವು ಪಪೈನ್‌ಗೆ ಜಗ್ಗುವುದಿಲ್ಲ, ಕೈಮೋಟ್ರಿಪ್ಸಿನ್‌ಗೆ ಅಳಿಯುತ್ತವೆ. ಯಾವ ಮದ್ದಿಗೆ ಜಗಳ ನಿಂತಿತು, ಯಾವುದಕ್ಕೆ ನಿಲ್ಲಲಿಲ್ಲ ಎಂದು ನೋಡುತ್ತಾ ಹೋದರೆ ಕಳ್ಳ ಯಾವ ಬೀದಿಯವನು ಎಂದಾದರೂ ತಿಳಿಯುತ್ತದೆ. ಯಾವ ಮನೆಯವನು ಎಂದು ತಿಳಿಯಲು ಜೀನ್ ಓದಬೇಕು.

ಕೋಲಾರದ ಸ್ಯಾಂಪಲ್ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿರುವ ಅಂತಾರಾಷ್ಟ್ರೀಯ ರಕ್ತಗುಂಪು ರೆಫರೆನ್ಸ್ ಲ್ಯಾಬ್‌ಗೆ ಹೋಯಿತು. ಆಕೆಯ ಮನೆಯವರ ಸ್ಯಾಂಪಲ್‌ಗಳೂ ಹೋದವು. ಹತ್ತು ತಿಂಗಳು ಕೆಲಸ ನಡೆಯಿತು. ಕೊನೆಗೆ ಅದು ಕ್ರೋಮರ್ ಬೀದಿಯದ್ದೇ, ಆದರೆ ಅದುವರೆಗೆ ಯಾರೂ ಕಂಡಿರದ ಮನೆ ಎಂದು ಗೊತ್ತಾಯಿತು. 2025ರ ಜೂನ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ಅಂತಾರಾಷ್ಟ್ರೀಯ ರಕ್ತಪೂರಣ ಸಂಘದ ಸಮ್ಮೇಳನದಲ್ಲಿ ಇದನ್ನು ಘೋಷಿಸಿದರು. ಹೆಸರು ಕ್ರಿಬ್. "ಕ್ರ" ಕ್ರೋಮರ್‌ನದು, "ಇ" ಇಂಡಿಯಾದ್ದು, "ಬ್" ನಮ್ಮ ಬೆಂಗಳೂರಿನದು. ಇಂಗ್ಲಿಷಿನಲ್ಲಿ ಕ್ರಿಬ್ ಅಂದರೆ ಮಗುವಿನ ತೊಟ್ಟಿಲು. ಬೇಕೆಂದೇ ಇಟ್ಟರೋ ಏನೋ, ಚೆನ್ನಾಗಿ ಹೊಂದಿದೆ.

ಸುದ್ದಿ ತಿರುಗಿದ ಬಗೆ

"ಜಗತ್ತಿನಲ್ಲಿ ಒಬ್ಬರಿಗೇ ಇರುವ ರಕ್ತದ ಗುಂಪು ಕೋಲಾರದಲ್ಲಿ ಪತ್ತೆ." ಹೀಗೆ ಸುದ್ದಿ ಓಡಾಡಿತು. ಕೇಳಲು ಜೋರಾಗಿದೆ. ಆದರೆ ವಿಷಯ ಉಲ್ಟಾ.

ಕ್ರಿಬ್ ಎಂಬ ಗುರುತು ಆಕೆಯಲ್ಲಿ ಇರುವುದಲ್ಲ. ಅದು ನಿಮ್ಮಲ್ಲಿದೆ, ನನ್ನಲ್ಲಿದೆ, ಆ 20 ಬಂಧುಗಳಲ್ಲೂ ಇದೆ. ಆಕೆಯಲ್ಲಿ ಇಲ್ಲ. ಎಲ್ಲರಲ್ಲೂ ಇರುವ ವಸ್ತುವನ್ನು ಯಾರೂ ಗಮನಿಸುವುದಿಲ್ಲ, ಅಲ್ವಾ? ಊರಿಗೆಲ್ಲ ಒಂದೇ ಬಗೆಯ ಬೀಗವಿದ್ದರೆ ಬೀಗ ಇದೆ ಎಂಬುದೇ ಮರೆತುಹೋಗುತ್ತದೆ. ಬೀಗವಿಲ್ಲದ ಮನೆಯವರೊಬ್ಬರು ಬಂದು "ಇದೇನಿದು?" ಎಂದು ಕೇಳಿದಾಗಲೇ ಎಲ್ಲರೂ ತಿರುಗಿ ನೋಡುವುದು. ಆಕೆಯ ಆಂಟಿಬಾಡಿ ಕೇಳಿದ್ದು ಆ ಪ್ರಶ್ನೆಯನ್ನು. ಹಾಗಾಗಿ ನಮ್ಮ ಭಾಷೆಯಲ್ಲಿ ಆಕೆ ಕ್ರಿಬ್ ನೆಗೆಟಿವ್.

ರಕ್ತಗುಂಪುಗಳ ಚರಿತ್ರೆ ನೋಡಿದರೆ ಇದು ಮತ್ತೆ ಮತ್ತೆ ನಡೆದಿದೆ. ಹೆಚ್ಚಿನ ಸಲ ಪ್ರಶ್ನೆ ಕೇಳಿದ್ದು ಒಬ್ಬ ಹೆಂಗಸಿನ ರಕ್ತ. ಕ್ರೋಮರ್ ವ್ಯವಸ್ಥೆಗೆ ಆ ಹೆಸರು ಬಂದಿದ್ದೇ ಮೊದಲ ಆಂಟಿಬಾಡಿ ಸಿಕ್ಕಿದ ಅಮೆರಿಕದ ಒಬ್ಬ ಗರ್ಭಿಣಿಯಿಂದ. ಮಿಲಾನ್‌ನ ಅದೇ ಸಮ್ಮೇಳನದಲ್ಲಿ ಇನ್ನೊಬ್ಬ ಹೆಂಗಸಿನ ರಕ್ತವೂ ಪಟ್ಟಿಗೆ ಸೇರಿತು. ಗ್ವಾಡಲೂಪ್ ದ್ವೀಪದ ಮೂಲದ ಆಕೆಗೆ 2011ರಲ್ಲಿ ಆಪರೇಷನ್‌ಗೆ ಮುಂಚಿನ ಮಾಮೂಲಿ ಪರೀಕ್ಷೆಯಲ್ಲಿ ವಿಚಿತ್ರ ಆಂಟಿಬಾಡಿ ಕಂಡಿತ್ತು. ಅದರ ಹೆಸರು ಈಗ ಗ್ವಾಡಾ ನೆಗೆಟಿವ್. ಆ ಸಿಕ್ಕು ಬಿಡಿಸಲು ವರ್ಷಗಳೇ ಹಿಡಿದವು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಬಂದಿದ್ದು ನ್ಯೂಯಾರ್ಕ್‌ನಿಂದ. ಫಿಲಿಪ್ ಲೆವಿನ್ ಮತ್ತು ರೂಫಸ್ ಸ್ಟೆಟ್ಸನ್ 1939ರಲ್ಲಿ ಬರೆದ ಪ್ರಕರಣ. ಒಬ್ಬ ತಾಯಿಗೆ ಹೊಟ್ಟೆಯಲ್ಲೇ ಮಗು ಸತ್ತು ಹೆರಿಗೆಯಾಯಿತು. ರಕ್ತಸ್ರಾವ. ಗಂಡನದ್ದೂ ಓ, ಹೆಂಡತಿಯದ್ದೂ ಓ. ಗಂಡನ ರಕ್ತವನ್ನೇ ಕೊಟ್ಟರು. ಆಕೆಗೆ ಜೋರು ತೊಂದರೆಯಾಯಿತು. ಆಮೇಲೆ ನೋಡಿದರೆ ಆಕೆಯ ಸೀರಮ್ (ಹೆಪ್ಪುಗಟ್ಟಿದ ರಕ್ತದ ಮೇಲೆ ನಿಲ್ಲುವ ತಿಳಿ) ಗಂಡನ ಕಣಗಳನ್ನಷ್ಟೇ ಅಲ್ಲ, ಓ ಗುಂಪಿನ ನೂರರಲ್ಲಿ ಸುಮಾರು 80 ಜನರ ಕಣಗಳನ್ನೂ ಗಂಟು ಮಾಡಿತು. ಮಗು ತಂದೆಯಿಂದ ಪಡೆದ ಯಾವುದೋ ವಸ್ತು ತಾಯಿಯಲ್ಲಿ ಇಲ್ಲ, ಅದರ ವಿರುದ್ಧ ತಾಯಿಯ ಮೈ ಎದ್ದಿದೆ ಎಂದು ಅವರು ಊಹಿಸಿದರು. ಊಹೆ ಸರಿಯಾಗಿತ್ತು. ಇವತ್ತು ನಾವು ಆರ್‌ಎಚ್ ಎನ್ನುವುದು ಅದನ್ನೇ. ಬಸಿರು ಮತ್ತು ರಕ್ತಪೂರಣ ಎರಡೂ ಒಂದೇ ಹೆಂಗಸಿನ ಮೈಯಲ್ಲಿ ಡಿಕ್ಕಿ ಹೊಡೆದ ಕೇಸ್ ಅದು. ನಮ್ಮ ಕಸುಬಿನವರು ಅದನ್ನು ಮರೆಯುವುದಿಲ್ಲ.

ತಾಯಿ ಕಾರ್ಡ್‌ನಲ್ಲಿ ಇಲ್ಲದ ಸಾಲು

ಹಾಗಾದರೆ ಕ್ರಿಬ್ ಇಲ್ಲದ ಹೆಂಗಸು ಬಸುರಿಯಾದರೆ ಮಗುವಿನ ಗತಿ ಏನು? ಈ ಪ್ರಶ್ನೆಯನ್ನು ನನಗೆ ಹಲವರು ಕೇಳಿದ್ದಾರೆ. ಗಂಡನಲ್ಲಿ ಕ್ರಿಬ್ ಇದ್ದೇ ಇರುತ್ತದೆ, ಹಾಗಾಗಿ ಮಗುವಿಗೂ ಬರುತ್ತದೆ. ತಾಯಿಯ ಐಜಿಜಿ ಮಾಸು ದಾಟಿ ಮಗುವಿನ ಕಣ ಒಡೆಯಬೇಕಿತ್ತಲ್ಲ?

ಇಲ್ಲಿ ಕ್ರೋಮರ್‌ನ ಒಂದು ಚಂದದ ವಿಷಯವಿದೆ. ಈ ಗುರುತುಗಳೆಲ್ಲ ಕೂತಿರುವುದು ಸಿಡಿ55 ಎಂಬ ಪ್ರೋಟೀನಿನ ಮೇಲೆ. ಕಣ ಸುಮ್ನೆ ಒಡೆದುಹೋಗದಂತೆ ಕಾಯುವುದು ಅದರ ಕೆಲಸ. ಈ ಕಾವಲುಗಾರ ಮಾಸಿನ ಮೇಲೂ ದಂಡಿಯಾಗಿ ಇದ್ದಾನೆ, ಅದೂ ತಾಯಿಯ ಕಡೆಯ ಮುಖದಲ್ಲಿ. ತಾಯಿಯ ಕ್ರೋಮರ್ ಆಂಟಿಬಾಡಿ ಮಗುವಿನ ಕಡೆ ಹೊರಟರೆ ಮಾಸಿನಲ್ಲೇ ಅಂಟಿಕೊಂಡು ನಿಂತುಬಿಡುತ್ತದೆ. ಕೆಲವು ತಾಯಂದಿರಲ್ಲಿ ತಿಂಗಳು ತುಂಬುತ್ತ ಬಂದ ಹಾಗೆ ರಕ್ತದಲ್ಲಿ ಆಂಟಿಬಾಡಿ ಇಳಿದು ಮಾಯವಾಗಿ, ಹೆರಿಗೆಯಾದ ಮೇಲೆ ಮತ್ತೆ ಕಾಣಿಸಿಕೊಂಡದ್ದನ್ನು ನೋಡಿದ್ದಾರೆ. ಕ್ರೋಮರ್ ವ್ಯವಸ್ಥೆಯ ಹಳೆಯ ಆಂಟಿಬಾಡಿಗಳು ಮಗುವಿಗಿಂತ ತಾಯಿಗೆ ರಕ್ತ ಬೇಕಾದಾಗ ತೊಂದರೆ ಕೊಡುವಂಥವು.

ಡಿ ಆಂಟಿಬಾಡಿ ಹಾಗಲ್ಲ. ಅದು ಸೀದಾ ದಾಟುತ್ತದೆ. ಮಗುವಿಗೆ ರಕ್ತಹೀನತೆ, ಮೈಯೆಲ್ಲ ನೀರು, ಹುಟ್ಟಿದ ಮೇಲೆ ಜೋರು ಕಾಮಾಲೆ. ಅದನ್ನು ತಡೆಯಲು ನೆಗೆಟಿವ್ ತಾಯಿಗೆ 28ನೇ ವಾರದಲ್ಲಿ ಒಂದು, ಮಗು ಪಾಸಿಟಿವ್ ಆದರೆ ಹೆರಿಗೆಯಾಗಿ 72 ಗಂಟೆಯೊಳಗೆ ಇನ್ನೊಂದು ಆಂಟಿ-ಡಿ ಇಂಜೆಕ್ಷನ್. ಇದು ಈಗ ಹಳ್ಳಿಯ ಆಶಾ ಕಾರ್ಯಕರ್ತೆಗೂ ಗೊತ್ತು, ಸಂತೋಷ. ಗರ್ಭಪಾತವಾದಾಗಲೂ ಇದು ಬೇಕಾಗಬಹುದು ಎನ್ನುವುದು ಮಾತ್ರ ಎಲ್ಲರಿಗೂ ಗೊತ್ತಿಲ್ಲ.

ನನ್ನ ಚಿಂತೆ ಪಾಸಿಟಿವ್ ತಾಯಂದಿರ ಬಗ್ಗೆ. ತಾಯಿ ಕಾರ್ಡ್‌ನಲ್ಲಿ ಪಾಸಿಟಿವ್ ಎಂದು ಬರೆದ ಕೂಡಲೇ ಎಲ್ಲರೂ ನಿರಾಳ. ಐಸಿಟಿ ಬರೆಯುವುದು ಹೆಚ್ಚಾಗಿ ನೆಗೆಟಿವ್ ಇದ್ದವರಿಗೆ ಮಾತ್ರ. ಆದರೆ ಆರ್‌ಎಚ್‌ನಲ್ಲಿ ಇರುವುದು ಡಿ ಒಂದೇ ಅಲ್ಲ. ದೊಡ್ಡ ಸಿ, ಸಣ್ಣ ಸಿ, ದೊಡ್ಡ ಇ, ಸಣ್ಣ ಇ ಇವೆ. ನಮ್ಮಲ್ಲಿ ಡಿ ಪಾಸಿಟಿವ್ ಆಗಿದ್ದೂ ಸಣ್ಣ ಸಿ ಇಲ್ಲದವರು ಸಾಕಷ್ಟಿದ್ದಾರೆ. ಅವರಿಗೆ ಸಣ್ಣ ಸಿ ಇರುವ ರಕ್ತ ಹಾಕಿದರೆ, ಅಥವಾ ಸಣ್ಣ ಸಿ ಇರುವ ಮಗು ಹುಟ್ಟಿದರೆ, ಆಂಟಿಬಾಡಿ ಬರಬಹುದು. ಅದು ಮುಂದಿನ ಮಗುವಿಗೆ ಡಿ ಕೊಟ್ಟಷ್ಟೇ ಕಾಟ ಕೊಡಬಲ್ಲದು. ಇದಕ್ಕೆ ತಡೆ ಇಂಜೆಕ್ಷನ್ ಇಲ್ಲ. ಮೊದಲೇ ಗೊತ್ತಿದ್ದರೆ ಸ್ಕ್ಯಾನ್‌ನಲ್ಲಿ ಮಗುವಿನ ಮೆದುಳಿನ ರಕ್ತನಾಳದ ವೇಗ ನೋಡಿ ರಕ್ತಹೀನತೆ ಅಂದಾಜು ಮಾಡಬಹುದು. ತೀರಾ ಬೇಕಾದರೆ ಹೊಟ್ಟೆಯಲ್ಲಿರುವಾಗಲೇ ಮಗುವಿಗೆ ರಕ್ತ ಕೊಡಬಹುದು. ಇಂಗ್ಲೆಂಡಿನಲ್ಲಿ ಪಾಸಿಟಿವ್, ನೆಗೆಟಿವ್ ಎಂದು ನೋಡದೆ ಎಲ್ಲ ಗರ್ಭಿಣಿಯರಿಗೂ ಮೊದಲ ಭೇಟಿಯಲ್ಲಿ ಮತ್ತು 28ನೇ ವಾರದಲ್ಲಿ ಆಂಟಿಬಾಡಿ ಸ್ಕ್ರೀನಿಂಗ್ ಮಾಡುತ್ತಾರೆ. ಇಲ್ಲಿ ಎಲ್ಲರಿಗೂ ಮಾಡಲು ದುಡ್ಡು, ಕಾರ್ಡು, ಜನ ಎಲ್ಲ ಬೇಕು, ಒಪ್ಪುತ್ತೇನೆ. ಹಿಂದೆ ರಕ್ತ ಹಾಕಿಸಿಕೊಂಡವರಿಗೆ, ಹಿಂದಿನ ಮಗು ಹೊಟ್ಟೆಯಲ್ಲೇ ಹೋದವರಿಗೆ, ಹಿಂದಿನ ಮಗುವಿಗೆ ವಿಪರೀತ ಕಾಮಾಲೆ ಬಂದವರಿಗಾದರೂ ಮಾಡಬಾರದೇ?

ಒಂದು ಸಣ್ಣ ಎಚ್ಚರಿಕೆ. ಆಂಟಿ-ಡಿ ಇಂಜೆಕ್ಷನ್ ತೆಗೆದುಕೊಂಡ ಮೇಲೆ ಐಸಿಟಿ ಮಾಡಿಸಿದರೆ ಪಾಸಿಟಿವ್ ಬರುವುದು ಸಹಜ. ಚುಚ್ಚಿದ್ದೇ ಆಂಟಿಬಾಡಿ ತಾನೇ. ಲ್ಯಾಬ್‌ಗೆ ಇಂಜೆಕ್ಷನ್ ತಾರೀಖು ಹೇಳದಿದ್ದರೆ ಮನೆಮಂದಿಯೆಲ್ಲ ಸುಮ್ನೆ ಹೆದರಿ ಒದ್ದಾಡಬೇಕಾಗುತ್ತದೆ.

ಮುಂಚೆ ನೋಡಿದ್ದರೆ

ಮತ್ತೆ ಕೋಲಾರಕ್ಕೆ. ಅಲ್ಲಿ ಕ್ರಾಸ್‌ಮ್ಯಾಚ್ ಆಕೆಯನ್ನು ಕಾಪಾಡಿತು. ಇದನ್ನು ಒಪ್ಪಲೇಬೇಕು. ಆದರೆ ಕ್ರಾಸ್‌ಮ್ಯಾಚ್ ಎನ್ನುವುದು ಬಾಗಿಲಲ್ಲಿ ನಿಂತ ಕಾವಲುಗಾರ. ಅತಿಥಿ ಬಂದ ಮೇಲೆ ತಡೆಯುತ್ತಾನೆ. ಸ್ಕ್ರೀನಿಂಗ್ ಹಿಂದಿನ ವಾರವೇ ಫೋನ್ ಮಾಡಿ ವಿಚಾರಿಸಿದ ಹಾಗೆ.

ಸ್ಕ್ರೀನಿಂಗ್‌ಗೆ ದಾನಿಯ ಬ್ಯಾಗ್ ಬೇಕಿಲ್ಲ. ಕಂಪನಿಯಿಂದ ಬರುವ ಮೂರು ಸಣ್ಣ ಶೀಶೆ ಸಾಕು. ಮೂರೂ ಓ ಗುಂಪಿನ ಕಣಗಳೇ, ಎ-ಬಿ ಜಗಳ ನಡುವೆ ಬರಬಾರದಲ್ಲ. ಮುಖ್ಯವಾದ ಗುರುತುಗಳೆಲ್ಲ ಮೂರರಲ್ಲಿ ಒಂದರಲ್ಲಾದರೂ ಇರುವಂತೆ ಆಯ್ದಿರುತ್ತಾರೆ. ಮೂರರಲ್ಲೂ ಕೆಳಗೆ ಗುಂಡಿ ಕಟ್ಟಿದರೆ ಸದ್ಯಕ್ಕೆ ನೆಮ್ಮದಿ. ಒಂದರಲ್ಲಿ ಗಂಟಾದರೂ 11 ಶೀಶೆಯ ಪ್ಯಾನೆಲ್ ಹೊರಗೆ ಬರುತ್ತದೆ. ಅದರ ಜೊತೆ ಪ್ಲಸ್-ಮೈನಸ್ ತುಂಬಿದ ಉದ್ದನೆಯ ಹಾಳೆ. ಪೆನ್ಸಿಲ್ ಹಿಡಿದು ಒಂದೊಂದೇ ಗುರುತನ್ನು ಹೊಡೆದುಹಾಕುತ್ತಾ ಹೋಗುವುದು. ಸುಡೊಕು ಇಷ್ಟಪಡುವವರಿಗೆ ಹಬ್ಬ. ಕೋಲಾರದ ಕೇಸ್‌ನಲ್ಲಿ ಎಲ್ಲ ಸಾಲೂ ಪ್ಲಸ್. ಹೊಡೆದುಹಾಕಲು ಏನೂ ಸಿಗುವುದಿಲ್ಲ.

ಇಂಥದ್ದು ಆಪರೇಷನ್‌ಗೆ ಎರಡು ವಾರ ಮುಂಚೆ ಗೊತ್ತಾದರೆ ದಾರಿಗಳಿವೆ. ಕಬ್ಬಿಣಾಂಶ ಕೊಟ್ಟು ಹಿಮೋಗ್ಲೋಬಿನ್ ಏರಿಸಬಹುದು. ಮೈ ತಡೆಯುವುದಾದರೆ ರೋಗಿಯದೇ ರಕ್ತ ಮುಂಚೆ ತೆಗೆದಿಡಬಹುದು. ಆಪರೇಷನ್‌ನಲ್ಲಿ ಚೆಲ್ಲಿದ ರಕ್ತವನ್ನೇ ತೊಳೆದು ವಾಪಸ್ ಕೊಡುವ ಯಂತ್ರ ತರಿಸಬಹುದು. ಅಣ್ಣತಮ್ಮ, ಅಕ್ಕತಂಗಿಯರನ್ನು ಕರೆಸಬಹುದು. ಇಂಥ ಅಪರೂಪದ ಕೊರತೆ ತಂದೆ-ತಾಯಿ ಇಬ್ಬರ ಕಡೆಯಿಂದಲೂ ಬರಬೇಕು, ಹಾಗಾಗಿ ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ನಾಲ್ಕರಲ್ಲಿ ಮೂರು ಪಾಲು ನಿರಾಸೆ ಎಂದೂ ಓದಬಹುದು. ಕೋಲಾರದವರಿಗೆ ಆದದ್ದು ಅದೇ.

ಮುಂಬೈನ ರಾಷ್ಟ್ರೀಯ ಇಮ್ಯುನೋಹೆಮಟಾಲಜಿ ಸಂಸ್ಥೆಯಲ್ಲಿ ಅಪರೂಪದ ದಾನಿಗಳ ಪಟ್ಟಿ ಇದೆ. ಈ ಪ್ರಕರಣದ ಮೇಲೆ ಬೆಂಗಳೂರಿನ ರಕ್ತನಿಧಿಯೂ ಅಂಥ ಪಟ್ಟಿ ಶುರುಮಾಡಿದೆ. ನೀವು ಓ ಪಾಸಿಟಿವ್, ಅದರಲ್ಲೇನಿದೆ ವಿಶೇಷ ಎಂದುಕೊಂಡಿರಬಹುದು. ಯಾರದ್ದೋ ಪ್ಯಾನೆಲ್‌ನಲ್ಲಿ ನೀವೇ ಆ ಒಂದು ಮೈನಸ್ ಆಗಿರಬಹುದು.

ಇನ್ನೊಂದು ವಿಷಯ ಉಳಿದಿದೆ. ಆಂಟಿಬಾಡಿ ಒಮ್ಮೆ ಬಂದರೆ ಸದಾ ಕಾಣುತ್ತಿರುತ್ತದೆ ಎಂದೇನಿಲ್ಲ. ಕೆಲವು ವರ್ಷಗಳಲ್ಲಿ ಇಳಿದು ಪರೀಕ್ಷೆಯಲ್ಲಿ ನೆಗೆಟಿವ್ ಎಂದೇ ಬರಬಹುದು. ಮೈ ಮಾತ್ರ ಮರೆತಿರುವುದಿಲ್ಲ. ಎಲ್ಲ ಸರಿ ಎಂದು ಬ್ಯಾಗ್ ಹಾಕುತ್ತಾರೆ. ವಾರ ಕಳೆದ ಮೇಲೆ ಜ್ವರ, ಕಣ್ಣು ಹಳದಿ, ಮೂತ್ರ ಕಪ್ಪು ಕಾಫಿ ಬಣ್ಣ, ಏರಿದ್ದ ಹಿಮೋಗ್ಲೋಬಿನ್ ಇಳಿದು ಮೊದಲಿನ ಜಾಗಕ್ಕೆ. ಅಷ್ಟರಲ್ಲಿ ರೋಗಿ ಡಿಸ್‌ಚಾರ್ಜ್ ಆಗಿ ಊರು ಸೇರಿರುತ್ತಾರೆ. ಅಲ್ಲಿಯ ಡಾಕ್ಟರು ಕಾಮಾಲೆ ಎಂದು ಔಷಧಿ ಕೊಡುತ್ತಾರೆ. ರಕ್ತದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಅದಕ್ಕೇ ನಮ್ಮ ಕೌಂಟರ್‌ನಲ್ಲಿ ಆಂಟಿಬಾಡಿ ಸಿಕ್ಕಿದವರಿಗೆ ಒಂದು ಚೀಟಿ ಬರೆದು ಕೊಡುತ್ತೇವೆ. ಆಂಟಿಬಾಡಿಯ ಹೆಸರು, ತಾರೀಖು, ಎಂಥ ರಕ್ತ ಬೇಕು ಎಂಬ ಒಂದು ಸಾಲು. ಸೀಲು. ಅದನ್ನು ಆಸ್ಪತ್ರೆ ಫೈಲಿನಲ್ಲಿ ಇಡಬೇಡಿ, ಫೈಲ್ ಬೀರುವಿನಲ್ಲಿ ಉಳಿಯುತ್ತದೆ. ಲ್ಯಾಮಿನೇಟ್ ಮಾಡಿಸಿ ಆಧಾರ್ ಕಾರ್ಡ್ ಜೊತೆ ಪರ್ಸಿನಲ್ಲಿ ಇಟ್ಟುಕೊಳ್ಳಿ.